ಚಾಡಿಗಿಡದ ಮೇಲಿನ ಬೆರಳು

ಎಲೆಯ ಮೇಲೆ ಬೆರಳು ಮೂಡಿತ್ತು.

ನಿನ್ನೆ ಸಂಜೆ ನೀರು ಹನಿಸಿ ಹೊರಡುವಾಗ ರೇವತಿ ಅದೇ ಎಲೆಯನ್ನು ನೋಡಿದ್ದಳು. ಆಗ ಅದು ಹಸುಗೂಸಿನ ಅಂಗಾಲಿನಂತೆ ನುಣ್ಣಗಿತ್ತು. ಈ ಬೆಳಿಗ್ಗೆ, ತೊಟ್ಟಿನ ಕಡೆಯಿಂದ ತುದಿಯವರೆಗೆ, ಸಾಸಿವೆ ಕಾಳಿನಷ್ಟು ಕಂದು ಚುಕ್ಕಿಗಳು ಒತ್ತೊತ್ತಾಗಿ ಎದ್ದಿದ್ದವು. ಚೆಲ್ಲಾಪಿಲ್ಲಿಯಾಗಿ ಅಲ್ಲ, ಒಂದೇ ಬೆರಳಿನ ಅಗಲದ ಪಟ್ಟಿಯಾಗಿ.

ಪಕ್ಕದ ಕುಂಡದಲ್ಲೂ ಹಾಗೆಯೇ. ಅದರ ಪಕ್ಕದ್ದರಲ್ಲೂ. ಏಳು ಕುಂಡ ಎಣಿಸಿ ರೇವತಿ ನಿಂತಳು. ಎಂಟನೆಯದು ಏನೂ ಅರಿಯದ ಹಾಗೆ ಹಸಿರಾಗಿತ್ತು. ಅದರ ಎದುರಿನ ನೆಲದ ಮೇಲೆ ಪೊಲೀಸರು ಸೀಮೆಸುಣ್ಣದಲ್ಲಿ ಬರೆದ ಸುತ್ತು ಇನ್ನೂ ಅಳಿಸಿರಲಿಲ್ಲ. ಲಕ್ಷ್ಮಿಕಾಂತನ ರಕ್ತ ಮೊದಲು ಬಿದ್ದ ಜಾಗ.

ಸೋಮವಾರ ಸಂಜೆ ಕೆ.ಆರ್.ಪುರದ ಈ ಸಸ್ಯರೋಗ ಕೇಂದ್ರದ ಮೂರನೇ ಗಾಜಿನ ಮನೆಯಲ್ಲಿ ವಿಜ್ಞಾನಿ ಲಕ್ಷ್ಮಿಕಾಂತನ ತಲೆಗೆ ಯಾರೋ ಮಣ್ಣಿನ ಕುಂಡದಿಂದ ಹೊಡೆದಿದ್ದರು. ಅವನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಅವನನ್ನು ಎತ್ತಿಕೊಂಡು ಹೊರಗೆ ಓಡಿಬಂದ ಕಾವಲುಗಾರ ಭಗವಂತರಾಯ, ಅಂದರೆ ರೇವತಿಯ ಅಪ್ಪ, ಆ ರಾತ್ರಿಯಿಂದಲೇ ಠಾಣೆಯಲ್ಲಿದ್ದ.

ಹೊರಗೆ ನವೆಂಬರಿನ ಜಡಿಮಳೆ ಹಿಡಿದಿತ್ತು. ಗಾಜಿನ ಮಾಡಿನ ಮೇಲೆ ನೀರು ಹರಿಯುತ್ತಿದ್ದುದರಿಂದ ಒಳಗಿನ ಬೆಳಕೆಲ್ಲ ಕೆರೆಯ ತಳದ ಬೆಳಕಿನಂತಿತ್ತು. ರೇವತಿಯ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಒಂದು ಮರ ಇತ್ತು. ಅದರ ಕೆಳಗೆ ಕೊಲೆಯಾದರೆ ಅದು ಬಾಯಿ ಬಿಡುತ್ತಿರಲಿಲ್ಲ, ಮೂರು ದಿನ ಕಾದು ಹೂ ಬಿಡುತ್ತಿತ್ತು, ಕೊಂದವನ ಹೆಜ್ಜೆಯಿದ್ದ ಕಡೆ ಮಾತ್ರ. ಅದನ್ನು ಕೇಳುತ್ತಾ ಚಾದರದೊಳಗೆ ಕಾಲು ಮುದುಡಿಕೊಳ್ಳುತ್ತಿದ್ದ ಹುಡುಗಿಗೆ, ಅಂಥ ಮರ ತನ್ನ ಅಪ್ಪನ ಮೇಲೇ ಹೂ ಬಿಟ್ಟರೆ ಏನು ಮಾಡಬೇಕೆಂದು ಅಜ್ಜಿ ಹೇಳಿಕೊಟ್ಟಿರಲಿಲ್ಲ.

ಈ ಗಿಡಗಳು ಹೊಗೆಸೊಪ್ಪಿನ ದಾಯಾದಿಗಳು. ಹೊಗೆಸೊಪ್ಪಿನೊಳಗೆ ಅಡಗಿರುವ ಒಂದು ವೈರಸ್ ಇವುಗಳ ಎಲೆಗೆ ಉಜ್ಜಿತೆಂದರೆ ಸಾಕು, ಉಜ್ಜಿದ ಕಡೆಯಲ್ಲೇ, ಎರಡು ಮೂರು ದಿನಗಳಲ್ಲಿ ಚುಕ್ಕಿ ಏಳುತ್ತದೆ. ಬೀಡಿ ಸೇದಿದ ಕೈಯಾದರೂ ಆಯಿತು, ಹೊಗೆಸೊಪ್ಪು ತಿಂದ ಕೈಯಾದರೂ ಆಯಿತು. ಕೇಂದ್ರದ ಆಳುಗಳು ಇವನ್ನು ಚಾಡಿಗಿಡ ಎಂದು ಕರೆಯುತ್ತಿದ್ದರು. ಅದಕ್ಕೇ ಇಲ್ಲಿ ಒಂದು ಕಟ್ಟಳೆ ಇತ್ತು. ಹೊಗೆಸೊಪ್ಪು ಮುಟ್ಟುವವರು ಒಳಬಾಗಿಲು ದಾಟಕೂಡದು. ಮಿಕ್ಕವರೂ ಹಾಲಿನಲ್ಲಿ ಕೈ ಅದ್ದಿಯೇ ಒಳಗೆ ಬರಬೇಕು. ಹಾಲು ಆ ವೈರಸ್ಸಿನ ಕೈಕಾಲು ಕಟ್ಟಿಹಾಕುತ್ತದೆ.

ಸೋಮವಾರ ಸಂಜೆ ನಾಲ್ಕೂವರೆಗೆ, ಲಕ್ಷ್ಮಿಕಾಂತ ಹೇಳಿದಂತೆ, ಅವನ ಸಹಾಯಕಿ ರೇವತಿಯೇ ಈ ಎಲೆಗಳ ಮೇಲೆ ನಯವಾದ ಮರಳುಪುಡಿ ಉದುರಿಸಿ ಹೋಗಿದ್ದಳು. ಬೆರಳು ಸೋಕಿದರೆ ಕಣ್ಣಿಗೆ ಕಾಣದಷ್ಟು ತರಚಲಿ, ಆ ತರಚಿನಲ್ಲಿ ರೋಗ ಇಳಿಯಲಿ ಎಂದು. ಪರೀಕ್ಷೆಗೆಂದು ರೋಗದ ರಸ ಉಜ್ಜಬೇಕಾದವನು ಲಕ್ಷ್ಮಿಕಾಂತ. ಅವನು ಶುರುಮಾಡುವ ಮೊದಲೇ ಬೇರೆ ಯಾರೋ ಸವರಿಕೊಂಡು ಹೋಗಿದ್ದರು.

'ಒಳಬಾಗಿಲು ನಾ ದಾಟಿಲ್ರಿ,' ಎಂದು ಅಪ್ಪ ಮೂರು ದಿನದಿಂದ ಹೇಳುತ್ತಲೇ ಇದ್ದ. 'ಅಂವ ತೆವಳ್ಕೋತ ಎರಡು ಬಾಗಲಾ ನಡುವ ಬಂದು ಬಿದ್ದಿದ್ದ. ನಾ ಎತ್ಕೊಂಡೆ.' ಪೊಲೀಸರು ನಂಬಿರಲಿಲ್ಲ. ಹಾಲೆಂಡಿನಲ್ಲಿ ಎರಡು ವರ್ಷದ ತರಬೇತಿಗೆ ಇಲ್ಲಿಂದ ಒಬ್ಬರಿಗೆ ಸ್ಥಾನವಿತ್ತು. ಪಟ್ಟಿಯಲ್ಲಿದ್ದ ರೇವತಿಯ ಹೆಸರನ್ನು ಲಕ್ಷ್ಮಿಕಾಂತ ಶನಿವಾರ ಹೊಡೆದುಹಾಕಿದ್ದ. ಕಾರಣ ಯಾರಿಗೂ ಹೇಳಿರಲಿಲ್ಲ. ಮಗಳ ಬದುಕು ಮುರಿದವನ ತಲೆಯನ್ನು ಅಪ್ಪ ಒಡೆದ ಎಂಬುದು ಅವರ ಲೆಕ್ಕ.

ಮಂಗಳವಾರ ರೇವತಿಯೇ ಠಾಣೆಗೆ ಹೋಗಿ ಇನ್‌ಸ್ಪೆಕ್ಟರ್ ಮುನಿಆಂಜನಪ್ಪನವರ ಮುಂದೆ ಎದೆಯುಬ್ಬಿಸಿ ಹೇಳಿಬಂದಿದ್ದಳು: 'ಅಪ್ಪ ದಿನಕ್ಕೆ ಹತ್ತು ಸಲ ಹೊಗೆಸೊಪ್ಪು ಹಾಕೋರು ಸರ್. ಒಳಗೆ ಹೋಗಿದ್ರೆ ಗಿಡ ಹೇಳುತ್ತೆ. ಗುರುವಾರದವರೆಗೆ ಕಾಯಿರಿ ಸಾಕು.'

ಗುರುವಾರ ಬಂದಿತ್ತು. ಗಿಡ ಹೇಳಿತ್ತು. ಇನ್‌ಸ್ಪೆಕ್ಟರ್ ಹನ್ನೊಂದಕ್ಕೆ ಬರುತ್ತೇನೆಂದಿದ್ದರು. ಈಗ ಒಂಬತ್ತು.

ಅವಳು ಬಗ್ಗಿ ಮತ್ತೆ ನೋಡಿದಳು. ಕೋಪದಿಂದ ನುಗ್ಗಿದವನ ಕೈ ಎಲೆಯನ್ನು ಹರಿಯುತ್ತದೆ, ಮಡಿಸುತ್ತದೆ. ಇಲ್ಲಿ ಒಂದು ಎಲೆಯೂ ಹರಿದಿರಲಿಲ್ಲ. ಬಂದವರು ಬೆಂಚಿನ ಪಕ್ಕದಲ್ಲಿ ನಿಧಾನ ನಡೆಯುತ್ತಾ, ಒಂದೊಂದು ಎಲೆಯನ್ನೂ ಮಗುವಿನ ಕೆನ್ನೆ ಸವರಿದ ಹಾಗೆ ಸವರಿದ್ದರು. ಹೊಡೆಯಲು ಬಂದವರು ಹೀಗೇಕೆ ಬರುತ್ತಾರೆ?

'ಏನ್ ಮಗಾ, ದೆವ್ವ ಕಂಡೋರ್ ತರ ನಿಂತ್ಬಿಟ್ಟಿದ್ದೀಯ?'

ಜಟ್ಟೆಮ್ಮ ಹಾಲಿನ ಬೋಗುಣಿ ಹಿಡಿದು ಎರಡು ಬಾಗಿಲುಗಳ ನಡುವೆ ನಿಂತಿದ್ದಳು. ಕಗ್ಗದಾಸಪುರ ಇನ್ನೂ ಊರಾಗಿದ್ದ ಕಾಲದವಳು. ಕೇಂದ್ರ ಹುಟ್ಟಿದಾಗಿನಿಂದ ಇಲ್ಲಿ ಕಸ ಗುಡಿಸುತ್ತಿದ್ದಳು. ಸೋಮವಾರ ಗಲಾಟೆಯಾದಾಗ, ಪೊಲೀಸರ ಕೈ ಗಿಡಕ್ಕೆ ಸೋಕದಿರಲೆಂದು, ಅವರು ಬರುವ ಮೊದಲೇ ಬೆಂಚಿಗೆ ಬಲೆ ಹೊದಿಸಿದ್ದವಳು ಅವಳೇ.

'ಕೈ ತೊಳ್ಯೋಕೆ ಹಾಲು! ನಮ್ಮನೆ ಸೊಸೆಗೆ ಬಾಣಂತನದಾಗೂ ಇಷ್ಟು ಉಪಚಾರ ಮಾಡಿರ್ಲಿಲ್ಲ ಕಣೆ,' ಎಂದು ಬೋಗುಣಿ ಕೆಳಗಿಟ್ಟಳು. ರೇವತಿಯ ಮುಖ ನೋಡಿ ನಗು ಹಿಂಗಿತು. 'ಎದ್ದೈತಾ ಚುಕ್ಕಿ?'

ರೇವತಿ ತಲೆಯಾಡಿಸಿದಳು.

ಆಗಲೇ ಹೊರಬಾಗಿಲು ತೆರೆದು ಡಾಕ್ಟರ್ ಪ್ರೇಮ್‌ಕುಮಾರ್ ಒಳಗೆ ಬಂದರು. ಕೇಂದ್ರದ ಮುಖ್ಯಸ್ಥರು. ನೆನೆದ ಕೊಡೆಯನ್ನು ಜಟ್ಟೆಮ್ಮನ ಕೈಗೆ ಕೊಟ್ಟು, ಹಾಲಿನಲ್ಲಿ ಕೈ ಅದ್ದಿ, ಒಳಬಾಗಿಲು ದಾಟಿದರು. ಬಾಯಲ್ಲಿ ಏಲಕ್ಕಿ ಅಗಿಯುತ್ತಿದ್ದರು. ಏಳೂ ಕುಂಡಗಳನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

'ಯಾರಿಗಾದ್ರೂ ಹೇಳಿದ್ದೀಯಾ?'

'ಇಲ್ಲ ಸರ್.'

'ಹೇಳ್ಬೇಡ. ಈಗ್ಲೇ ತಗೊಂಡ್ಹೋಗಿ ಒಲೆಗೆ ಹಾಕ್ಬಿಡು.'

ರೇವತಿ ತಲೆಯೆತ್ತಿದಳು.

'ನೋಡು ರೇವತಿ, ರೂಲ್ಸ್ ಪ್ರಕಾರ ರೋಗ ತಗುಲಿದ ಗಿಡ ಕಂಡ ತಕ್ಷಣ ಸುಡ್ಬೇಕು. ನಾಳೆ ಹಾಲೆಂಡಿನೋರು ಬರ್ತಿದ್ದಾರೆ. ಟೊಮೇಟೊ ಎಲೆ ಮುದುಡೋ ರೋಗದ ಮೇಲೆ ಮೂರು ದೇಶ ಸೇರಿ ಐದು ವರ್ಷದಿಂದ ಕೆಲಸ ಮಾಡ್ತಿದ್ದೀವಿ. ಇಲ್ಲಿ, ಅಲ್ಲಿ, ತಾಂಜಾನಿಯಾದಲ್ಲಿ, ಮೂರೂ ಕಡೆ ಇದೇ ಗಿಡ, ಇದೇ ಪರೀಕ್ಷೆ. ನಮ್ಮ ಗಾಜಿನ ಮನೆಗೆ ಹೊಗೆಸೊಪ್ಪಿನ ವೈರಸ್ ನುಗ್ಗಿದೆ ಅಂತ ಗೊತ್ತಾದ್ರೆ ನಮ್ಮ ಒಂದು ಫಲಿತಾಂಶವನ್ನೂ ಅವರು ನಂಬಲ್ಲ. ಪ್ರಾಜೆಕ್ಟ್ ಮುಗೀತು.' ಅವರ ದನಿ ತಗ್ಗಿತು. 'ಅದೂ ಹೋಗ್ಲಿ. ನಿಮ್ಮಪ್ಪನ ಬಗ್ಗೆ ಯೋಚ್ನೆ ಮಾಡು. ಇಲ್ಲಿ ಹೊಗೆಸೊಪ್ಪು ತಿನ್ನೋರು ಇನ್ಯಾರಿದ್ದಾರೆ? ಈ ಎಲೆಗಳನ್ನ ನೀನೇ ಪೊಲೀಸ್ರ ಕೈಗೆ ಕೊಡ್ತೀಯಾ?'

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ರೇವತಿ ಮೊದಲನೆಯ ಕುಂಡ ಎತ್ತಿಕೊಂಡಳು. ತಣ್ಣಗಿತ್ತು. ಹಿತ್ತಲಲ್ಲಿ ಮಣ್ಣು ಬೇಯಿಸುವ ದೊಡ್ಡ ಒಲೆ ಬೆಳಿಗ್ಗೆಯಿಂದ ಉರಿಯುತ್ತಿತ್ತು. ಏಳು ಸಲ ಹೋಗಿ ಬಂದರೆ ಅಪ್ಪನ ಮೇಲಿನ ಸಾಕ್ಷಿ ಬೂದಿ.

ಎರಡು ಬಾಗಿಲುಗಳ ನಡುವೆ ಬಂದಾಗ ಜಟ್ಟೆಮ್ಮ ಎಲೆಯತ್ತ ಕತ್ತು ಚಾಚಿದಳು.

'ನಿಮ್ಮಪ್ಪಂದು ಅಂತಾರಾ ಇದು? ಯಾರು ಹೇಳಿದ್ದು?' ಎಂದು ಪಿಸುಗುಟ್ಟಿದಳು. 'ನೀನಿನ್ನೂ ಕೆಲಸಕ್ಕೆ ಸೇರಿರ್ಲಿಲ್ಲ ಆಗ. ಆ ಹಾಲೆಂಡಿನ ಹಿಲ್ಡಮ್ಮ ಬಂದಿದ್ದಾಗ, ಲಕ್ಷ್ಮಿಕಾಂತಪ್ಪ ನಮ್ಮನ್ನೆಲ್ಲ ಸಾಲಾಗಿ ನಿಲ್ಸಿ ಒಬ್ಬೊಬ್ಬರ ಕೈಯನ್ನೂ ಒಂದೊಂದು ಗಿಡಕ್ಕೆ ಉಜ್ಜಿಸಿದ್ರು. ಆ ಯಮ್ಮ ತಾನೇ ಸುತ್ಕೊಂಡು ಸಿಗರೇಟು ಸೇದೋಳಲ್ವಾ, ಅವಳ ಗಿಡದಾಗೆ ಸಿಡುಬು ಬಂದಂಗೆ ಚುಕ್ಕಿ! ನಾವು ನಕ್ಕಿದ್ದೇ ನಕ್ಕಿದ್ದು. ನಿಮ್ಮಪ್ಪನ ಗಿಡಕ್ಕೆ ಒಂದೂ ಬೀಳ್ಲಿಲ್ಲ ಕಣೆ ತಾಯಿ.'

ರೇವತಿ ಕುಂಡವನ್ನು ನೆಲಕ್ಕಿಟ್ಟಳು. 'ಬರೆದಿಟ್ಟಿದ್ರಾ ಅದನ್ನ?'

'ಲಕ್ಷ್ಮಿಕಾಂತಪ್ಪ ಸೀನಿದ್ರೂ ಬರೆಯೋರು.'

ಲಕ್ಷ್ಮಿಕಾಂತನ ಮೇಜಿನ ಬೀಗದ ಕೈ ರೇವತಿಯ ಹತ್ತಿರವೇ ಇರುತ್ತಿತ್ತು. ಅವಳು ಮಳೆಯಲ್ಲೇ ಅಂಗಳ ದಾಟಿ ಓಡಿದಳು. ಮೂರನೆಯ ಖಾನೆಯಲ್ಲಿ, ಹಸಿರು ರಟ್ಟಿನ ಪುಸ್ತಕ. ಸಾವಿರದ ಒಂಬೈನೂರ ತೊಂಬತ್ತೇಳು, ಮೇ ತಿಂಗಳು. ಅಂದವಾದ ದುಂಡು ಅಕ್ಷರ. ಅದನ್ನು ಬರೆದ ಕೈ ಈಗ ದಂಡು ಪ್ರದೇಶದ ಆಸ್ಪತ್ರೆಯೊಂದರ ಬಿಳಿ ಹಾಸಿಗೆಯ ಮೇಲೆ ಅಲ್ಲಾಡದೆ ಬಿದ್ದಿತ್ತು.

'ಹಿಲ್ಡ: ನಲವತ್ತೊಂದು ಚುಕ್ಕಿ. ಜಟ್ಟೆಮ್ಮ: ಇಲ್ಲ. ಭಗವಂತರಾಯ: ಇಲ್ಲ. ಎರಡನೇ ಸಲ ಉಜ್ಜಿಸಿದರೂ ಇಲ್ಲ. ಸುಣ್ಣ ಹಾಕಿ ತಿಕ್ಕುವುದರಿಂದ ಇರಬಹುದು. ಸುಣ್ಣದ ಕ್ಷಾರಕ್ಕೆ ವೈರಸ್ ಸಾಯುತ್ತದೆ. ಆದರೂ ಒಳಗೆ ಬಿಡುವುದು ಬೇಡ.'

ಅಪ್ಪ ಎಡಗೈಯಲ್ಲಿ ಹೊಗೆಸೊಪ್ಪು ಹಾಕಿಕೊಂಡು, ಡಬ್ಬಿಯಿಂದ ಸುಣ್ಣ ಸವರಿ, ಹೆಬ್ಬೆರಳಿನಿಂದ ಗಸಗಸ ತಿಕ್ಕುವ ಸದ್ದು ರೇವತಿಯ ಕಿವಿಯಲ್ಲಿ ಮೊಳಗಿತು. ಸಣ್ಣವಳಿದ್ದಾಗ ಆ ಸದ್ದಿಗೇ ಅವಳಿಗೆ ನಿದ್ದೆ ಹತ್ತುತ್ತಿತ್ತು. ಕಣ್ಣು ತುಂಬಿ ಅಕ್ಷರಗಳು ಮಸುಕಾದವು. ಒರೆಸಿಕೊಂಡು ಕೆಳಗಿನ ಸಾಲು ಓದಿದಳು.

'ಪ್ರೇಮ್‌ಕುಮಾರ್:' ಎಂದಿತ್ತು. ಮುಂದೆ ಏನೂ ಇರಲಿಲ್ಲ.

ತಿರುಗಿದಾಗ ಅವರು ಬಾಗಿಲಲ್ಲೇ ನಿಂತಿದ್ದರು.

'ಗಿಡ ಅಲ್ಲೇ ಬಿಟ್ಟು ಬಂದ್ಬಿಟ್ಟೆಯಲ್ಲ.'

'ಸುಡಲ್ಲ ಸರ್. ಅದು ಅಪ್ಪನ ಬೆರಳಲ್ಲ.' ಪುಸ್ತಕವನ್ನು ಎದೆಗೊತ್ತಿಕೊಂಡು ಹೇಳಿದಳು. 'ಅಪ್ಪನ ಕೈಗೆ ಚುಕ್ಕಿ ಏಳಲ್ಲ ಅಂತ ನಿಮಗೂ ಗೊತ್ತಿತ್ತು. ಪುಟದ ಕೆಳಗೆ ನಿಮ್ಮ ಸಹಿ ಇದೆ.'

ಅವರು ಏಲಕ್ಕಿ ಅಗಿಯುವುದನ್ನು ನಿಲ್ಲಿಸಿದರು.

'ದಿನಕ್ಕೆ ನೂರು ಕಾಗದಕ್ಕೆ ಸಹಿ ಮಾಡ್ತೀನಿ.'

'ನಿಮ್ಮ ಹೆಸರಿನ ಮುಂದೆ ಏನೂ ಬರೆದಿಲ್ಲ. ಯಾಕೆ ಸರ್?'

'ಏನು, ನನ್ನ ವಿಚಾರಣೆನಾ?'

'ಸೇದ್ತೀರಾ ಸರ್ ನೀವು?'

ಅವರು ನಕ್ಕರು. ಆ ನಗು ಕಣ್ಣಿನವರೆಗೆ ಹೋಗಲಿಲ್ಲ. 'ಹಳೇ ಮದ್ರಾಸು ರಸ್ತೇಲಿ ಕಾರು ನಿಲ್ಲಿಸ್ಕೊಂಡು ಎರಡು. ಬೆಳಿಗ್ಗೆ ಒಂದು, ಸಂಜೆ ಒಂದು. ಕಟ್ಟಳೆ ಮಾಡಿದೋನೇ ಮುರೀತಾನೆ ಅಂತ ಆಳುಗಳ ಮುಂದೆ ಗೊತ್ತಾಗ್ಬಾರ್ದು ಅಂತ ಅವತ್ತು ಕೈ ಕೊಡ್ಲಿಲ್ಲ. ಲಕ್ಷ್ಮಿಕಾಂತಂಗೆ ಗೊತ್ತಿತ್ತು. ಸಾಕಾ?' ಒಂದು ಹೆಜ್ಜೆ ಮುಂದೆ ಬಂದರು. 'ಹಾಲೆಂಡಿನ ಪಟ್ಟಿ ನಾಳೆ ಹಿಲ್ಡ ಕೈ ಸೇರೋವರೆಗೆ ನನ್ನ ಹತ್ರಾನೇ ಇರುತ್ತೆ. ಹೊಡೆದುಹಾಕಿದ ಹೆಸರನ್ನ ಮತ್ತೆ ಬರೆಯೋಕೆ ಒಂದು ನಿಮಿಷ ಸಾಕು. ಆ ಪುಸ್ತಕ ಇಲ್ಲಿಡು.'

'ಯಾಕೆ ಹೊಡೆದುಹಾಕಿದ್ರು ಲಕ್ಷ್ಮಿಕಾಂತ್ ಸರ್?'

'ನಂಗೂ ಪೂರ್ತಿ ಹೇಳ್ಲಿಲ್ಲ. ನಿಮ್ಮನೆಯೋರು ಯಾರೋ ಬಂದು ಕೇಳ್ಕೊಂಡ್ರು ಅಂದ.'

ರೇವತಿ ಕಲ್ಲಾದಳು. ಅಪ್ಪನೇ? ಕಗ್ಗದಾಸಪುರದ ಬಾಡಿಗೆ ಕೋಣೆಯಲ್ಲಿ ಒಂದು ತಿಂಗಳಿಂದ ಹಾಲೆಂಡಿನ ಚಳಿಗೆಂದು ಸ್ವೆಟರಿನ ಬೆಲೆ ವಿಚಾರಿಸುತ್ತಿದ್ದ ಅಪ್ಪನೇ?

ಗೇಟಿನಲ್ಲಿ ಜೀಪಿನ ಸದ್ದಾಯಿತು. ಹತ್ತು ಕೂಡ ಆಗಿರಲಿಲ್ಲ.

ಮುನಿಆಂಜನಪ್ಪನವರು ಮುಂಚೆಯೇ ಬಂದುಬಿಟ್ಟಿದ್ದರು. ಜೀಪಿನ ಹಿಂದಿನಿಂದ ಪೇದೆಯೊಬ್ಬ ಭಗವಂತರಾಯನನ್ನು ಇಳಿಸಿದ. ಮೂರು ದಿನದ ಗಡ್ಡ. ಅಂಗಿಯ ಮೇಲೆ ಒಣಗಿದ ಕಲೆ. ಅವನ ಹಿಂದೆ, ಬುತ್ತಿಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅವ್ವ ಸುಭದ್ರಮ್ಮ ಇಳಿದಳು.

'ಠಾಣೆ ಬಾಗಿಲಲ್ಲಿ ಮಳೇಲಿ ನಿಂತಿದ್ರು ನಿಮ್ಮ ತಾಯಿ. ಬಿಟ್ಟುಬರೋಕೆ ಮನಸ್ಸಾಗ್ಲಿಲ್ಲ,' ಎಂದರು ಇನ್‌ಸ್ಪೆಕ್ಟರ್. 'ಎಲ್ಲಮ್ಮ ನಿನ್ನ ಗಿಡ?'

ಅಪ್ಪ ಮಗಳನ್ನು ನೋಡಿ ಮೆಲ್ಲಗೆ, 'ಉಂಡಿಯೇನವ್ವ?' ಎಂದ. ರೇವತಿ ಹೌದೆಂದು ತಲೆಯಾಡಿಸಿದಳು. ಉಂಡಿರಲಿಲ್ಲ.

ಒಳಬಾಗಿಲ ಬಳಿ ಅಪ್ಪ ಅಭ್ಯಾಸದಂತೆ ನಿಂತುಬಿಟ್ಟ. ಎಂಟು ವರ್ಷದಿಂದ ನಿಂತ ಜಾಗ. ಇನ್‌ಸ್ಪೆಕ್ಟರ್ ಅವನನ್ನೂ ಅವನ ಕಾಲನ್ನೂ ನೋಡಿದರು. ಅವ್ವ ಅವನ ಪಕ್ಕದಲ್ಲಿ ನಿಂತಳು. ರೇವತಿ ಎರಡು ಕುಂಡಗಳನ್ನು ಅಲ್ಲಿಗೇ ತಂದಳು.

ಮುನಿಆಂಜನಪ್ಪನವರು ಚಾಳೀಸು ಏರಿಸಿಕೊಂಡು ಎಲೆಯ ಮೇಲೆ ಬಗ್ಗಿದರು. ಮುಟ್ಟದೆ, ತಮ್ಮ ತೋರುಬೆರಳನ್ನು ಆ ಚುಕ್ಕಿಗಳ ಪಟ್ಟಿಯ ಮೇಲೆ ಹಿಡಿದರು. ಪಟ್ಟಿ ಪೂರಾ ಮುಚ್ಚಿಹೋಯಿತು.

'ನನ್ನ ಬೆರಳಿಗಿಂತ ಸಣ್ಣದು,' ಎಂದರು. 'ಏನಪ್ಪ, ಕೈ ತೋರಿಸು.'

ಭಗವಂತರಾಯ ಕೈ ಚಾಚಿದ. ಕಲ್ಲು ಹೊತ್ತು, ಗುದ್ದಲಿ ಹಿಡಿದು ದಪ್ಪಗಟ್ಟಿದ ಬೆರಳುಗಳು. ಇನ್‌ಸ್ಪೆಕ್ಟರ್ ಒಮ್ಮೆ ಅವನ್ನು, ಒಮ್ಮೆ ಎಲೆಯನ್ನು ನೋಡಿದರು. 'ನೀನಲ್ಲ ಅನ್ಸುತ್ತೆ ಮಾರಾಯ.'

ಅಪ್ಪನ ಭುಜಗಳು ಇಳಿದವು. ಮೂರು ದಿನ ಹೊತ್ತದ್ದನ್ನು ಇಳಿಸಿಟ್ಟವನಂತೆ ಗೋಡೆಗೆ ಒರಗಿದ.

'ಇನ್ನೂ ಇದೆ ಸರ್,' ರೇವತಿಗೆ ಮಾತು ತಡೆಯಲಾಗಲಿಲ್ಲ. 'ಅಪ್ಪ ಸುಣ್ಣ ಹಾಕ್ಕೊಂಡು ತಿನ್ನೋರು. ಸುಣ್ಣ ಇದ್ರೆ ಚುಕ್ಕಿ ಏಳೋದೇ ಇಲ್ಲ. ಬರೆದಿಟ್ಟಿರೋದಿದೆ. ಇದು ಸುಣ್ಣ ಸೋಕದ ಹೊಗೆಸೊಪ್ಪು.'

'ಅಂದ್ರೆ?'

'ಬೀಡಿ, ಸಿಗರೇಟು...' ರೇವತಿಯ ಕಣ್ಣು ಪ್ರೇಮ್‌ಕುಮಾರರತ್ತ ಹೊರಳಿತು. ಅವರ ಬೆರಳುಗಳು ಉದ್ದ, ತೆಳು. ಅವರು ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು.

'ಅಷ್ಟೇನಾ?' ಎಂದರು ಇನ್‌ಸ್ಪೆಕ್ಟರ್.

'ಇಲ್ಲಾಂದ್ರೆ ನಶ್ಯ.'

ಆ ಮಾತು ಬಾಯಿಂದ ಬಿದ್ದದ್ದೇ ತಡ, ಗೋಡೆಗೆ ಒರಗಿದ್ದ ಅಪ್ಪ ನೆಟ್ಟಗಾದ.

'ಒಂದ ಬೆರಳೇನ್ರಿ ಅದು?' ಎಂದು ಕೇಳಿದ. ದನಿ ಒಣಗಿತ್ತು.

'ಒಂದೇ. ತೋರುಬೆರಳು ಅನ್ಸುತ್ತೆ. ಯಾಕೆ?'

ಅಪ್ಪನ ಕಣ್ಣು ಪಕ್ಕಕ್ಕೆ ಹೋಯಿತು, ಕೆಳಗೆ ಹೋಯಿತು. ರೇವತಿಯ ಕಣ್ಣೂ ಅದನ್ನೇ ಹಿಂಬಾಲಿಸಿತು, ಹೋಗಬಾರದಾಗಿತ್ತು ಎನಿಸುವಷ್ಟರಲ್ಲಿ ಹೋಗಿಬಿಟ್ಟಿತ್ತು.

ಅವ್ವನ ಬಲಗೈ ಬುತ್ತಿಯ ಡಬ್ಬಿಯ ಹಿಡಿಯ ಮೇಲಿತ್ತು. ಅವ್ವ ದಿನಾ ಬೆಳಿಗ್ಗೆ ಎದ್ದು, ಸೊಂಟದ ಚೀಲದಿಂದ ಸಣ್ಣ ತಗಡಿನ ಡಬ್ಬಿ ತೆಗೆದು, ಚಿಟಿಕೆ ನಶ್ಯವನ್ನು ಒಸಡಿಗೆ ತಿಕ್ಕಿಕೊಳ್ಳುತ್ತಿದ್ದಳು. ಊರಲ್ಲಿ ಅವಳ ವಯಸ್ಸಿನ ಹೆಂಗಸರೆಲ್ಲ ಮಾಡುವುದೇ. ಬೆಂಗಳೂರಿಗೆ ಬಂದ ಮೇಲೆ ನಾಚಿಕೆಪಟ್ಟು ಗೋಡೆಯ ಕಡೆ ತಿರುಗಿ ತಿಕ್ಕುತ್ತಿದ್ದಳು. ಬಲಗೈಯ ತೋರುಬೆರಳಿನಲ್ಲಿ. ಅದರ ತುದಿ ಸದಾ ಕಂದಾಗಿರುತ್ತಿತ್ತು.

ಅವ್ವ ಎಲೆಯನ್ನೇ ನೋಡುತ್ತಿದ್ದಳು. ಕುಂಡ, ಗಿಡ, ಬಳ್ಳಿ, ಯಾವುದು ಕಂಡರೂ ಹಾದುಹೋಗುವಾಗ ಒಂದು ಬೆರಳಿನಲ್ಲಿ ಸವರದೆ ಮುಂದೆ ಹೋಗದ ಅವ್ವ. ಲಕ್ಷ್ಮಿಕಾಂತನ ಬಳಿ ಬಂದು ಕೇಳಿಕೊಂಡವರು ಅಪ್ಪನಲ್ಲ ಎಂದು ರೇವತಿಗೆ ಹೊಳೆಯಿತು.

'ನಾ ಹೊಡ್ದೀನ್ರಿ,' ಎಂದ ಭಗವಂತರಾಯ.

ಇನ್‌ಸ್ಪೆಕ್ಟರ್ ಚಾಳೀಸು ತೆಗೆದರು.

'ಏನಂದೆ?'

'ನಾನ ಹೊಡ್ದೀನಿ. ಮಗಳ ಹೆಸರು ತಗದಾನಂತ ಸಿಟ್ಟು ಬಂತು. ಒಳಗ ಹೋದೆ, ಕುಂಡ ತಗೊಂಡು ಹೊಡದೆ. ಮೂರು ದಿನ ಸುಳ್ಳು ಹೇಳೀನ್ರಿ. ಬರ್ಕೋರಿ.'

'ಅಪ್ಪಾ!'

'ನೀ ಸುಮ್ಕಿರು ರೇವಿ.'

ಪ್ರೇಮ್‌ಕುಮಾರ್ ಉಸಿರು ಬಿಟ್ಟರು. 'ತಾನೇ ಒಪ್ಕೊಂಡ ಮೇಲೆ ಮುಗೀತಲ್ಲ ಇನ್‌ಸ್ಪೆಕ್ಟ್ರೇ? ಈ ಗಿಡಗಳನ್ನ ಸುಡಿಸ್ಬಹುದಾ ಇನ್ನು?'

ಮುನಿಆಂಜನಪ್ಪನವರು ಅವರತ್ತ ತಿರುಗಲೂ ಇಲ್ಲ. ಭಗವಂತರಾಯನ ದಪ್ಪ ಬೆರಳುಗಳನ್ನೇ ಬಹಳ ಹೊತ್ತು ನೋಡಿ, ಆಮೇಲೆ ರೇವತಿಯ ಎದೆಗವಚಿದ್ದ ಹಸಿರು ರಟ್ಟಿನತ್ತ ಕೈ ಚಾಚಿದರು.

'ಬರೆದಿಟ್ಟಿರೋದಿದೆ ಅಂದೆಯಲ್ಲಮ್ಮ. ಕೊಡು ನೋಡೋಣ. ನಿಮ್ಮಪ್ಪ ಈಗ ಹೇಳ್ತಿರೋದು ಸುಳ್ಳೋ, ಆಗ ಹೇಳಿದ್ದು ಸುಳ್ಳೋ, ಅದರಲ್ಲಿ ಗೊತ್ತಾಗುತ್ತೆ.'

ರೇವತಿಯ ತೋಳುಗಳು ಸಡಿಲವಾಗಲಿಲ್ಲ. ಕೊಟ್ಟರೆ ಅಪ್ಪ ಈ ಸಂಜೆಯೇ ಮನೆಗೆ ಬರುತ್ತಾನೆ. ಕೊಟ್ಟರೆ ನಾಳೆ ಬೆಳಿಗ್ಗೆ ಯಾರ ಬೆರಳನ್ನು ಅಳೆಯುತ್ತಾರೆಂಬುದು ಅವಳಿಗೆ ಗೊತ್ತಿತ್ತು.

'ಕೊಡಬ್ಯಾಡ,' ಎಂದ ಅಪ್ಪ. ಅದು ಬೇಡಿಕೊಳ್ಳುವ ದನಿಯಾಗಿತ್ತು.

ಅವ್ವ ಬುತ್ತಿಯ ಡಬ್ಬಿಯನ್ನು ಹಾಲಿನ ಬೋಗುಣಿಯ ಪಕ್ಕದಲ್ಲಿ ಇಳಿಸಿದಳು. ಸೆರಗು ಸರಿಮಾಡಿಕೊಂಡಳು. ಮೂರು ದಿನಗಳಲ್ಲಿ ಮೊದಲ ಸಲ ಮಗಳನ್ನು ನೆಟ್ಟಗೆ ನೋಡಿದಳು.

'ಕೊಡವ್ವ,' ಎಂದಳು.